ಕ್ಯಾಲ್ಕ್ಯುಲೇಟರ್ ಗಡಿಯಾರಕ್ಕೆ ಒಂದು ಸಾಲಿನ ತಿದ್ದುಪಡಿ

ನಾನೇ ಜೋಡಿಸಿಕೊಂಡ ಪ್ರೋಗ್ರಾಮೆಬಲ್ ಕ್ಯಾಲ್ಕ್ಯುಲೇಟರ್ ಒಳಗೆ ಇರುವುದು ಎಸ್‌ಟಿಎಂ32ಎಲ್476 ಚಿಪ್. ಸ್ವಿಸ್‌ಮೈಕ್ರೋಸ್ ಕಂಪನಿಯವರ ಡಿಎಂ42 ಕ್ಯಾಲ್ಕ್ಯುಲೇಟರಿನಲ್ಲಿ ಇರುವುದೂ ಇದೇ ಕುಟುಂಬದ ಚಿಪ್. ಪಕ್ಕದಲ್ಲಿ ಗಡಿಯಾರಕ್ಕೆ ಲಯ ಕೊಡುವ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ (ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು), ಒಂದು ಸಿಆರ್2032 ಸೆಲ್, ಫೈಲ್ ಇಡಲು ಸಣ್ಣ ಫ್ಲ್ಯಾಶ್ ಮೆಮರಿ. ಯುಎಸ್‌ಬಿ ಕೇಬಲ್ ಹಾಕಿದರೆ ಆ ಫ್ಲ್ಯಾಶ್ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಗೆ ಕಾಣುತ್ತದೆ. ಗಡಿಯಾರದ ತಿದ್ದುಪಡಿಯನ್ನು ಅಲ್ಲೇ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಟ್ಟು, ಯಂತ್ರ ಆನ್ ಆದಾಗಲೆಲ್ಲ ಅದನ್ನು ಓದಿಕೊಳ್ಳುವಂತೆ ಮಾಡಿದ್ದೇನೆ. ಅಳೆದದ್ದು ಹೇಗೆ, ಬರೆದದ್ದು ಏನು, ಎಲ್ಲೆಲ್ಲಿ ಕೆಡುತ್ತದೆ ಎಂಬುದು ಇಲ್ಲಿದೆ.

ಮೊದಲು ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ಗಡಿಯಾರದ ಮುಳ್ಳನ್ನು ಈಗಿನ ಹೊತ್ತಿಗೆ ತಂದಿಡುವುದು ಒಂದು ಕೆಲಸ, ಅದರ ಓಟವನ್ನೇ ಸರಿಪಡಿಸುವುದು ಇನ್ನೊಂದು. ಮೊದಲನೆಯದನ್ನಷ್ಟೇ ಮಾಡುತ್ತಿದ್ದರೆ ತಿಂಗಳು ತಿಂಗಳೂ ಅದೇ ಕೆಲಸ. ಓಟ ಸರಿಪಡಿಸುವ ಯೋಚನೆ ಹೊಸದಲ್ಲ. ಎಚ್‌ಪಿ-41 ಕ್ಯಾಲ್ಕ್ಯುಲೇಟರಿನ ಟೈಮ್ ಮಾಡ್ಯೂಲ್‌ನಲ್ಲಿ, ಆಮೇಲೆ 1983ರ ಎಚ್‌ಪಿ-41ಸಿಎಕ್ಸ್‌ನಲ್ಲಿ, ‘ಕರೆಕ್ಟ್’ ಎಂಬ ಆದೇಶ ಇತ್ತು. ಅದು ಸಮಯ ತಿದ್ದುವುದರ ಜೊತೆಗೆ, ಹಿಂದಿನ ಸಲದಿಂದ ಎಷ್ಟು ತಪ್ಪಿದೆ ಎಂದು ನೋಡಿ ಓಟದ ತಿದ್ದುಪಡಿ ಸಂಖ್ಯೆಯನ್ನೂ ಲೆಕ್ಕಹಾಕಿಕೊಳ್ಳುತ್ತಿತ್ತು.

ಕ್ರಿಸ್ಟಲ್ ತಪ್ಪುವುದನ್ನು ಪಿಪಿಎಂ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಹತ್ತು ಲಕ್ಷಕ್ಕೆ ಇಷ್ಟು ಪಾಲು. ಒಂದು ಪಿಪಿಎಂ ಎಂದರೆ ದಿನಕ್ಕೆ 0.0864 ಸೆಕೆಂಡು, ಮೂವತ್ತು ದಿನಕ್ಕೆ 2.6 ಸೆಕೆಂಡು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕ್ರಿಸ್ಟಲ್ ಮೇಲೆ ±20 ಪಿಪಿಎಂ ಎಂದಿರುತ್ತದೆ. ಹಾಗಾಗಿ ತಿಂಗಳಿಗೆ 52 ಸೆಕೆಂಡು ಮುಂದೆ ಓಡಿದರೂ ಹಿಂದೆ ಬಿದ್ದರೂ ಆ ಕ್ರಿಸ್ಟಲ್ ಕೆಟ್ಟಿಲ್ಲ, ಹೇಳಿದ ಮಿತಿಯಲ್ಲೇ ಇದೆ.

ಈ ಚಿಪ್‌ನಲ್ಲಿ ಕ್ರಿಸ್ಟಲ್ ಕಂಪನವನ್ನು ಮುಟ್ಟದೆ, ಪಲ್ಸ್‌ಗಳನ್ನು ಎಣಿಸುವಾಗ ತಿದ್ದುವ ಏರ್ಪಾಡಿದೆ. 32 ಸೆಕೆಂಡಿನಲ್ಲಿ ಬರುವ 10,48,576 ಪಲ್ಸ್‌ಗಳಲ್ಲಿ ಬೇಕಾದಷ್ಟನ್ನು ಎಣಿಕೆಯಿಂದ ಬಿಟ್ಟುಬಿಡಬಹುದು. ಎಷ್ಟು ಬಿಡಬೇಕು ಎಂಬ ಸಂಖ್ಯೆಯ ಹೆಸರು ಕ್ಯಾಲ್‌ಎಂ, 0ಯಿಂದ 511ರವರೆಗೆ. ಒಂದು ಪಲ್ಸ್ ಬಿಟ್ಟರೆ ಓಟ 0.9537 ಪಿಪಿಎಂ ನಿಧಾನವಾಗುತ್ತದೆ, ಇದೇ ಒಂದು ಹೆಜ್ಜೆ. ಹಿಂದೆ ಬೀಳುವ ಗಡಿಯಾರಕ್ಕೆ ಕ್ಯಾಲ್‌ಪಿ ಎಂಬ ಒಂದೇ ಬಿಟ್ ಇದೆ. ಅದನ್ನು 1 ಮಾಡಿದರೆ ಅದೇ 32 ಸೆಕೆಂಡಿನಲ್ಲಿ 512 ಪಲ್ಸ್ ಹೆಚ್ಚಿಗೆ ಸೇರುತ್ತವೆ. ಅದರಲ್ಲಿ ಬೇಡದ್ದನ್ನು ಮತ್ತೆ ಕ್ಯಾಲ್‌ಎಂ ಮೂಲಕ ಕಳೆಯಬೇಕು. ಒಟ್ಟಾರೆ ತಿದ್ದಬಹುದಾದ ವ್ಯಾಪ್ತಿ −487.1ರಿಂದ +488.5 ಪಿಪಿಎಂ.

ಲೆಕ್ಕ ಹೀಗೆ. ಗಡಿಯಾರ 6.8 ಪಿಪಿಎಂ ಮುಂದೆ ಓಡುತ್ತಿದೆ ಎನ್ನಿ. 6.8ನ್ನು 0.9537ರಿಂದ ಭಾಗಿಸಿದರೆ 7.13, ಕ್ಯಾಲ್‌ಪಿ 0, ಕ್ಯಾಲ್‌ಎಂ 7. ಗಡಿಯಾರ 12 ಪಿಪಿಎಂ ಹಿಂದೆ ಬೀಳುತ್ತಿದ್ದರೆ ಭಾಗಲಬ್ಧ 12.58, ಅಂದರೆ 13; ಕ್ಯಾಲ್‌ಪಿ 1, ಕ್ಯಾಲ್‌ಎಂ 512 − 13 = 499. ಪೂರ್ಣಾಂಕಕ್ಕೆ ತರುವಾಗ ಉಳಿಯುವ ತಪ್ಪು ಹೆಚ್ಚೆಂದರೆ ಅರ್ಧ ಹೆಜ್ಜೆ, ತಿಂಗಳಿಗೆ ಸುಮಾರು 1.2 ಸೆಕೆಂಡು.

ಫೈಲ್‌ನಲ್ಲಿ ಏನು ಬರೆಯಬೇಕು ಎಂಬುದೇ ಇಡೀ ಕೆಲಸದಲ್ಲಿ ನನಗೆ ಮುಖ್ಯವಾಗಿ ಕಂಡದ್ದು. ಕ್ಯಾಲ್‌ಎಂ 7 ಎಂದು ನೇರವಾಗಿ ರಿಜಿಸ್ಟರಿನ (ಚಿಪ್ ಒಳಗೆ ಈ ಬೆಲೆ ಕೂರುವ ಜಾಗದ) ಸಂಖ್ಯೆಯನ್ನೇ ಬರೆಯಬಹುದು, ಪ್ರೋಗ್ರಾಂ ಚಿಕ್ಕದಾಗುತ್ತದೆ. ಆದರೆ ಆರು ತಿಂಗಳ ನಂತರ ಫೈಲ್ ತೆರೆದರೆ 7 ಎಂದರೆ ಏನು, 499 ಎಂದರೆ ಮುಂದೋ ಹಿಂದೋ, ಒಂದೂ ತಿಳಿಯುವುದಿಲ್ಲ. ಅದಕ್ಕೇ ನಾನು ಬರೆಯುವುದು ಅಳೆದ ತಪ್ಪನ್ನು, ಪಿಪಿಎಂನಲ್ಲಿ, ಚಿಹ್ನೆ ಸಮೇತ. ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಇರುವ ಸಾಲುಗಳು ಹೀಗಿವೆ:

ಪಿಪಿಎಂ=+6.8
ದಿನಾಂಕ=2024-02-12
ತಾಪ=26

ಪ್ಲಸ್ ಎಂದರೆ ಗಡಿಯಾರ ಮುಂದೆ ಓಡುತ್ತದೆ, ಮೈನಸ್ ಎಂದರೆ ಹಿಂದೆ ಬೀಳುತ್ತದೆ. ಚಿಹ್ನೆ ಇಲ್ಲದ ಸಂಖ್ಯೆಯನ್ನು ನನ್ನ ಪ್ರೋಗ್ರಾಂ ಒಪ್ಪುವುದೇ ಇಲ್ಲ. ತಪ್ಪನ್ನು ಬರೆಯುವುದೋ ತಿದ್ದುಪಡಿಯನ್ನು ಬರೆಯುವುದೋ ಎಂಬ ಗೊಂದಲದಲ್ಲಿ ಚಿಹ್ನೆ ತಿರುವುಮುರುವಾದರೆ ದೋಷ ಎರಡು ಪಟ್ಟಾಗುತ್ತದೆ. ಅಂಥದ್ದು ಕಂಡರೆ, ಅಂದರೆ ತಿದ್ದಿದ ಮೇಲೆ ತಪ್ಪು ಮೊದಲಿಗಿಂತ ಸರಿಯಾಗಿ ಇಮ್ಮಡಿ ಬಂದರೆ, ಬೇರೆಲ್ಲೂ ಹುಡುಕಬೇಡಿ, ಚಿಹ್ನೆ ನೋಡಿ. ಉಳಿದ ಎರಡು ಸಾಲನ್ನು ಯಂತ್ರ ಬಳಸುವುದಿಲ್ಲ, ಅವು ನಮಗಾಗಿ. ತಾಪದ ಸಾಲು ಏಕೆ ಬೇಕು ಎಂಬುದು ಮುಂದೆ ಬರುತ್ತದೆ.

ಇನ್ನು ಅಳೆಯುವುದು. ಉಪಕರಣ ಯಾವುದೂ ಇಲ್ಲದವರಿಗೆ ಒಂದು ವಾರ ಕಾಯುವುದೇ ಉಪಕರಣ. ಫೈಲ್‌ನಲ್ಲಿ ಪಿಪಿಎಂ +0 ಎಂದು ಬರೆದು ತಿದ್ದುಪಡಿಯನ್ನು ಸೊನ್ನೆ ಮಾಡಿ, ಸಮಯ ಒಮ್ಮೆ ಹೊಂದಿಸಿ. ಹೋಲಿಸಲು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ, ಅಂದರೆ ಎನ್‌ಪಿಎಲ್‌ನ ಸಮಯವೇ ಆಗಬೇಕು. ಭಾರತೀಯ ಕಾಲಮಾನವನ್ನು ಕಾಯುವವರು ಅವರೇ. ಅವರ ಸಮಯ ಸರ್ವರ್‌ಗೆ ಕಂಪ್ಯೂಟರನ್ನು ಎನ್‌ಟಿಪಿ (ಇಂಟರ್ನೆಟ್‌ನಿಂದ ಸಮಯ ಹೊಂದಿಸುವ ವಿಧಾನ) ಮೂಲಕ ಹೊಂದಿಸಿ, ಆಗಷ್ಟೇ ಹೊಂದಿಸಿದ ಆ ಕಂಪ್ಯೂಟರಿನ ಸೆಕೆಂಡು ನೋಡಿ. ಹಿಂದಿನ ವಾರ ಹೊಂದಿಸಿದ ಕಂಪ್ಯೂಟರಿನ ಗಡಿಯಾರವೂ ಇಂಥದ್ದೇ ಅಗ್ಗದ ಕ್ರಿಸ್ಟಲ್ ಮೇಲೆ ಓಡುತ್ತಿರುತ್ತದೆ, ಅದನ್ನು ನಂಬಬೇಡಿ.

ನನ್ನ ಪ್ರೋಗ್ರಾಂನಲ್ಲಿ ಒಂದು ಕೀ ಒತ್ತಿದ ಕ್ಷಣದ ಸಮಯ ಪರದೆಯ ಮೇಲೆ ನಿಲ್ಲುತ್ತದೆ. ಚಿಪ್‌ನ ಉಪಸೆಕೆಂಡ್ ರಿಜಿಸ್ಟರ್ ಸೆಕೆಂಡಿನ 256ರಲ್ಲಿ ಒಂದು ಪಾಲಿನವರೆಗೆ, ಅಂದರೆ ಸುಮಾರು 4 ಮಿಲಿಸೆಕೆಂಡ್‌ವರೆಗೆ ತೋರಿಸುತ್ತದೆ. ಬೆರಳು ಅಷ್ಟು ನಿಖರವಲ್ಲ. ಸೆಕೆಂಡಿನ ಲಯ ಹಿಡಿದು ಒತ್ತಿದರೂ 0.1 ಸೆಕೆಂಡಿನಷ್ಟು ಆಚೀಚೆ ಆಗಬಹುದು ಎಂದು ಇಟ್ಟುಕೊಳ್ಳಿ. ಒಂದೇ ದಿನ ಅಳೆದರೆ ಆ 0.1 ಸೆಕೆಂಡು 1.16 ಪಿಪಿಎಂ ತಪ್ಪಾಗುತ್ತದೆ, ಚಿಪ್‌ನ ಒಂದು ಹೆಜ್ಜೆಗಿಂತ ದೊಡ್ಡದು. ಏಳು ದಿನ, ಅಂದರೆ 6,04,800 ಸೆಕೆಂಡು ಬಿಟ್ಟು ಅಳೆದರೆ ಅದೇ ಬೆರಳ ತಪ್ಪು 0.17 ಪಿಪಿಎಂಗೆ ಇಳಿಯುತ್ತದೆ. ಒಂದು ವಾರ ಎಂದದ್ದು ಇದಕ್ಕೇ. ಅದಕ್ಕಿಂತ ಹೆಚ್ಚು ಕಾದರೆ ಲಾಭ ಕಡಿಮೆ.

ಹೊಂದಿಸಿದ ಕ್ಷಣದಲ್ಲಿ ವ್ಯತ್ಯಾಸ ಸೊನ್ನೆ ಎಂದು ಊಹಿಸಿಕೊಳ್ಳಬಾರದು. ಆಗಲೇ ಒಮ್ಮೆ ಓದಿ ಬರೆದಿಟ್ಟುಕೊಳ್ಳಿ. ಸೋಮವಾರ ರಾತ್ರಿ ಒಂಬತ್ತಕ್ಕೆ +0.12 ಸೆಕೆಂಡು, ಮುಂದಿನ ಸೋಮವಾರ ಅದೇ ಹೊತ್ತಿಗೆ +4.23 ಇದ್ದರೆ, ಓಡಿದ್ದು 4.11 ಸೆಕೆಂಡು, 6,04,800ರಿಂದ ಭಾಗಿಸಿದರೆ 6.8 ಪಿಪಿಎಂ. ನಡುವೆ ಯಾರಾದರೂ ಸಮಯ ತಿದ್ದಿದರೆ ಆ ವಾರದ ಅಳತೆ ವ್ಯರ್ಥ, ಮತ್ತೆ ಮೊದಲಿನಿಂದ.

ಕಾಯಲು ಸಮಯವಿಲ್ಲದವರು ಜಿಪಿಎಸ್ ಬಳಸಬಹುದು. ಅಗ್ಗದ ಜಿಪಿಎಸ್ ಮಾಡ್ಯೂಲ್‌ಗಳಲ್ಲೂ ಸೆಕೆಂಡಿಗೊಂದು ಪಲ್ಸ್ ಕೊಡುವ ಪಿನ್ ಇರುತ್ತದೆ. ಉಪಗ್ರಹ ಸಿಕ್ಕಿದ ಮೇಲೆ ಅದರ ತಪ್ಪು ಮೈಕ್ರೋಸೆಕೆಂಡಿಗಿಂತ ಬಹಳ ಕಡಿಮೆ. ಚಿಪ್‌ನ ಪಿಸಿ13 ಪಿನ್‌ನಿಂದಲೂ ಗಡಿಯಾರದ 1 ಹರ್ಟ್ಸ್ ಪಲ್ಸ್ ಹೊರಗೆ ತರಬಹುದು. ಎರಡನ್ನೂ, ಪಲ್ಸ್‌ಗಳು ಬಂದ ಹೊತ್ತನ್ನು ದಾಖಲಿಸುವ ಒಂದೇ ಲಾಜಿಕ್ ಅನಲೈಜರ್‌ನ ಎರಡು ಚಾನೆಲ್‌ಗೆ ಕೊಟ್ಟು, ಏರುವ ಅಂಚುಗಳ ನಡುವಿನ ಅಂತರವನ್ನು ಮೊದಲು ಒಮ್ಮೆ, 320 ಸೆಕೆಂಡು ಬಿಟ್ಟು ಇನ್ನೊಮ್ಮೆ ಅಳೆಯಿರಿ. ಅಂತರ 2,176 ಮೈಕ್ರೋಸೆಕೆಂಡು ಬದಲಾಗಿದ್ದರೆ, ಭಾಗಿಸಿದಾಗ 6.8 ಪಿಪಿಎಂ. ಗಡಿಯಾರದ ಅಂಚು ಬರಬರುತ್ತಾ ಬೇಗ ಬರುತ್ತಿದ್ದರೆ ಅದು ಮುಂದೆ ಓಡುತ್ತಿದೆ. ಅನಲೈಜರ್‌ನ ಸ್ವಂತ ಗಡಿಯಾರ ಸ್ವಲ್ಪ ತಪ್ಪಿದ್ದರೂ ಚಿಂತೆಯಿಲ್ಲ, ಎರಡು ಓದಿನಲ್ಲೂ ಆ ತಪ್ಪು ಹೆಚ್ಚುಕಡಿಮೆ ಒಂದೇ ಆಗಿದ್ದು ಕಳೆಯುವಾಗ ಹೋಗುತ್ತದೆ.

320 ಎಂಬ ಸಂಖ್ಯೆಗೂ ಕಾರಣವಿದೆ. ತಿದ್ದುಪಡಿ ಚಾಲೂ ಇರುವಾಗ ಬಿಟ್ಟ ಪಲ್ಸ್‌ಗಳು 32 ಸೆಕೆಂಡಿನಲ್ಲಿ ಅಲ್ಲಲ್ಲಿ ಹರಡಿರುತ್ತವೆ, ಪ್ರತಿ ಸೆಕೆಂಡಿನ ಉದ್ದ ಒಂದೇ ಇರುವುದಿಲ್ಲ. ಒಂದು ಪಲ್ಸ್ ಬಿಟ್ಟ ಸೆಕೆಂಡು 30.5 ಮೈಕ್ರೋಸೆಕೆಂಡು ಉದ್ದವಾಗುತ್ತದೆ. ಅದನ್ನೊಂದನ್ನೇ ಅಳೆದವರಿಗೆ 30 ಪಿಪಿಎಂ ತಪ್ಪು ಕಂಡು ಗಾಬರಿಯಾಗುತ್ತದೆ. ಅಳತೆಯ ಅವಧಿ ಯಾವಾಗಲೂ 32ರ ಗುಣಕವಾಗಿರಲಿ.

ಇದೇ ಚಿಪ್ ಇರುವ ನ್ಯೂಕ್ಲಿಯೋ ಎಂಬ ಸಿದ್ಧ ಬೋರ್ಡ್ ಮೇಲೆ ಪ್ರಯೋಗ ಮಾಡುವವರು ಗಮನಿಸಿ: ಅದರ ನೀಲಿ ಬಟನ್ ಇರುವುದೂ ಪಿಸಿ13ಕ್ಕೇ. ಪಲ್ಸ್ ಹೊರಬರುತ್ತಿರುವಾಗ ಅದನ್ನು ಒತ್ತಬಾರದು. ಅಳೆಯುವ ಅವಸರದಲ್ಲಿ ಪ್ರೋಬನ್ನು ನೇರ ಕ್ರಿಸ್ಟಲ್ ಕಾಲಿಗೆ ಮುಟ್ಟಿಸುವುದಂತೂ ಬೇಡವೇ ಬೇಡ. ಪ್ರೋಬ್‌ನ ಕೆಲವು ಪಿಕೋಫ್ಯಾರಡ್ ಸೇರಿಕೊಂಡು ಕಂಪನವೇ ಬದಲಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ.

ಅಳೆದ ತಪ್ಪು ತೀರಾ ದೊಡ್ಡದಾಗಿದ್ದರೆ ಫೈಲ್ ಮೂಲಕ ಮುಚ್ಚಿಹಾಕಬೇಡಿ. ನನ್ನ ಪ್ರೋಗ್ರಾಂ 100 ಪಿಪಿಎಂ ಮೀರಿದ ಸಂಖ್ಯೆಯನ್ನು ಹಾಕಿಕೊಳ್ಳದೆ ಪರದೆಯ ಮೇಲೆ ಎಚ್ಚರಿಸುತ್ತದೆ, ಚಿಪ್‌ಗೆ ಅದನ್ನು ತಿದ್ದುವ ಶಕ್ತಿ ಇದ್ದರೂ. ಅಷ್ಟು ತಪ್ಪಿದೆ ಎಂದರೆ ಬೋರ್ಡ್‌ನಲ್ಲೇ ಏನೋ ಇದೆ. ಕ್ರಿಸ್ಟಲ್ ಜೊತೆಯ ಎರಡು ಕೆಪಾಸಿಟರ್ ನೋಡಿ. 12.5 ಪಿಕೋಫ್ಯಾರಡ್ ಲೋಡ್ ಕೇಳುವ ಕ್ರಿಸ್ಟಲ್‌ಗೆ, ಬೋರ್ಡ್ ಗೆರೆಗಳಿಂದ ಬರುವ ನಾಲ್ಕನ್ನು ಕಳೆದು ಉಳಿದದ್ದರ ಎರಡರಷ್ಟು, ಅಂದರೆ ತಲಾ 17 ಬೇಕು. ಸಿಗುವ 18 ಹಾಕಬಹುದು. ಕಡಿಮೆ ಹಾಕಿದರೆ ಮುಂದೆ ಓಡುತ್ತದೆ, ಹೆಚ್ಚು ಹಾಕಿದರೆ ಹಿಂದೆ ಬೀಳುತ್ತದೆ. ಬೆಸುಗೆಗೆ ಬಳಸಿದ ಫ್ಲಕ್ಸ್ ತೊಳೆಯದೆ ಬಿಟ್ಟರೆ ಮಳೆಗಾಲದಲ್ಲಿ, ಕರಾವಳಿಯ ತೇವದಲ್ಲಿ ವಿಶೇಷವಾಗಿ, ಕಾಲುಗಳ ನಡುವೆ ಕರೆಂಟ್ ಸೋರಿ ಓಟ ಅಲೆದಾಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಉಜ್ಜಬೇಕು. ದಿನಕ್ಕೆ ಅರ್ಧ ಗಂಟೆಯ ಲೆಕ್ಕದಲ್ಲಿ ಹಿಂದೆ ಬೀಳುತ್ತಿದ್ದರೆ ಕ್ರಿಸ್ಟಲ್ ಓಡುತ್ತಲೇ ಇಲ್ಲ. ಚಿಪ್ ಒಳಗಿನ 32 ಕಿಲೋಹರ್ಟ್ಸ್ ಆರ್‌ಸಿ ಆಸಿಲೇಟರ್ ಮೇಲೆ, 32,768ಕ್ಕೆಂದು ಇಟ್ಟ ಭಾಜಕದೊಂದಿಗೆ ಗಡಿಯಾರ ಓಡುತ್ತಿದೆ ಎಂದರ್ಥ. ಕ್ರಿಸ್ಟಲ್ ಶುರುವಾಗದಿದ್ದರೆ ಡ್ರೈವ್ ಮಟ್ಟವನ್ನು ಒಂದು ಹೆಜ್ಜೆ ಏರಿಸಿ ನೋಡಿ.

ಫೈಲ್‌ನಿಂದ ರಿಜಿಸ್ಟರ್‌ಗೆ ಬರೆಯುವ ಕ್ರಮ ಚಿಕ್ಕದು. ಬ್ಯಾಕಪ್ ವಿಭಾಗಕ್ಕೆ ಬರೆಯಲು ಅನುಮತಿ ಕೊಡುವ ಡಿಬಿಪಿ ಬಿಟ್ ಹಾಕಿ. ಬರಹ ರಕ್ಷಣೆಯ ರಿಜಿಸ್ಟರ್‌ಗೆ ಹೆಕ್ಸ್ ಸಿಎ, ಆಮೇಲೆ ಹೆಕ್ಸ್ 53 ಬರೆದು ಬೀಗ ತೆಗೆಯಿರಿ. ಹಿಂದಿನ ಬರಹ ಇನ್ನೂ ಕೂರುತ್ತಿದೆ ಎಂದು ತೋರಿಸುವ ರೀಕ್ಯಾಲ್‌ಪಿಎಫ್ ಬಿಟ್ 0 ಆಗುವವರೆಗೆ ಕಾಯಿರಿ. ಹೊಸ ಬೆಲೆ ಬರೆಯಿರಿ. ತಪ್ಪು ಕೀಲಿ ಯಾವುದಾದರೂ ಬರೆದು ಮತ್ತೆ ಬೀಗ ಹಾಕಿ. ಕಾಯುವ ಹೆಜ್ಜೆ ಬಿಟ್ಟು ಬೆನ್ನುಬೆನ್ನಿಗೆ ಎರಡು ಸಲ ಬರೆದರೆ ಎರಡನೆಯದು ಕೂರುವುದಿಲ್ಲ, ದೋಷ ಸಂದೇಶವೂ ಬರುವುದಿಲ್ಲ. ಬರೆದ ಮೇಲೆ ಓದಿ ತಾಳೆ ನೋಡುವುದು ಒಳ್ಳೆಯದು.

ಫೈಲ್ ಓದುವಲ್ಲಿ ಕಾಟ ಕೊಡುವವು ಬೇರೆ. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಬಿಓಎಂ ಇರುವ ಯುಟಿಎಫ್-8 ಆಗಿ ಉಳಿಸಿದರೆ ಮೊದಲ ಸಾಲಿನ ಮುಂದೆ ಕಣ್ಣಿಗೆ ಕಾಣದ ಮೂರು ಬೈಟ್ ಸೇರಿರುತ್ತವೆ, ‘ಪಿಪಿಎಂ’ ಎಂಬ ಹೆಸರೇ ಹೊಂದಿಕೆಯಾಗುವುದಿಲ್ಲ. ಆ ಮೂರನ್ನು ದಾಟಿ ಓದುವಂತೆ ಪ್ರೋಗ್ರಾಂ ಬರೆಯಬೇಕು. ಸಾಲಿನ ಕೊನೆಯ ಕ್ಯಾರೇಜ್ ರಿಟರ್ನ್ ಕೂಡ ಕಿತ್ತುಹಾಕಬೇಕು. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ ಮೈನಸ್ ಚಿಹ್ನೆ ಕೀಬೋರ್ಡ್‌ನ ಮೈನಸ್ ಆಗಿರದೆ ಅದರಂತೆ ಕಾಣುವ ಇನ್ನೊಂದು ಅಕ್ಷರ ಆಗಿರಬಹುದು. ಕೈಯಿಂದಲೇ ಟೈಪ್ ಮಾಡಿ. ಎಕ್ಸ್‌ಟೆನ್ಷನ್ ಅಡಗಿಸಿಟ್ಟ ಕಂಪ್ಯೂಟರಿನಲ್ಲಿ ಫೈಲ್ ಹೆಸರಿನ ಕೊನೆಗೆ ಎರಡೆರಡು ಟಿಎಕ್ಸ್‌ಟಿ ಸೇರಿ, ಯಂತ್ರಕ್ಕೆ ಫೈಲ್ ಸಿಗದೆ ಹೋಗುತ್ತದೆ. ಇಜೆಕ್ಟ್ ಮಾಡದೆ ಕೇಬಲ್ ಕಿತ್ತರೆ ಖಾಲಿ ಫೈಲ್ ಉಳಿಯಬಹುದು. ಫೈಲ್ ಇಲ್ಲದಿದ್ದರೆ, ಸಂಖ್ಯೆ ಅರ್ಥವಾಗದಿದ್ದರೆ, ರಿಜಿಸ್ಟರ್‌ನಲ್ಲಿ ಈಗ ಇರುವುದನ್ನು ಹಾಗೇ ಬಿಡುವುದು ಸರಿಯಾದ ನಡೆ. ಸೊನ್ನೆಗೆ ಇಳಿಸಿದರೆ ಯಾರಿಗೂ ಗೊತ್ತಾಗದಂತೆ ಗಡಿಯಾರ ಮತ್ತೆ ತಪ್ಪಾಗಿ ಓಡತೊಡಗುತ್ತದೆ.

ಎರಡನೇ ಸಲ ಅಳೆಯುವಾಗ ಒಂದು ಎಚ್ಚರ ಬೇಕು. ಆಗ ಸಿಗುವುದು ತಿದ್ದಿದ ಮೇಲೆ ಉಳಿದ ತಪ್ಪು. ಹಳೆಯ +6.8 ಇರುವಾಗ ಇನ್ನೂ +0.9 ಉಳಿದಿದೆ ಎಂದಾದರೆ ಬರೆಯಬೇಕಾದದ್ದು +7.7. ಹಳೆಯದನ್ನು ಅಳಿಸಿ +0.9 ಎಂದು ಬರೆದರೆ ಮಾಡಿದ್ದೆಲ್ಲ ಹೋಯಿತು.

ಇನ್ನು ತಾಪ. ಈ ಬಗೆಯ ಕ್ರಿಸ್ಟಲ್ 25 ಡಿಗ್ರಿ ಆಸುಪಾಸಿನಲ್ಲಿ ಅತಿ ವೇಗವಾಗಿ ಕಂಪಿಸುತ್ತದೆ. ಅಲ್ಲಿಂದ ಮೇಲೆ ಹೋದರೂ ಕೆಳಗೆ ಬಂದರೂ ನಿಧಾನವೇ ಆಗುತ್ತದೆ: ಅಂತರದ ವರ್ಗವನ್ನು 0.034ರಿಂದ ಗುಣಿಸಿದಷ್ಟು ಪಿಪಿಎಂ. 35 ಡಿಗ್ರಿಯಲ್ಲಿ 3.4, 45ರಲ್ಲಿ 13.6. ಬೆಂಗಳೂರಿನ ಮನೆಯೊಳಗೆ ಇದು ಒಂದೆರಡು ಪಿಪಿಎಂ ಒಳಗೇ ಇರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದ ಕೋಣೆಯಲ್ಲಿ, ಚಳಿಗಾಲದಲ್ಲಿ ಅಳೆದ ಸಂಖ್ಯೆ ದಿನಕ್ಕೆ ಮುಕ್ಕಾಲು ಸೆಕೆಂಡಿನಷ್ಟು ತಪ್ಪುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇನ್ನೂ ಹೆಚ್ಚು. ಅಲ್ಲಿಯವರು ಬೇಸಿಗೆಗೊಂದು, ಉಳಿದ ಕಾಲಕ್ಕೊಂದು ಫೈಲ್ ಇಟ್ಟುಕೊಂಡು ತಾಪದ ಸಾಲು ನೋಡಿ ಬದಲಿಸಿಕೊಳ್ಳುವುದು ವಾಸಿ. ಒಂದು ಹೆಜ್ಜೆಗಿಂತ ಸಣ್ಣ ತಿದ್ದುಪಡಿಗಾಗಿ ದಿನ ಬಿಟ್ಟು ದಿನ ಎರಡು ಬೆಲೆಗಳ ನಡುವೆ ಬದಲಾಯಿಸುವ ಉಪಾಯವೂ ಇದೆ. ತಾಪದ ಏರಿಳಿತವೇ ಅದಕ್ಕಿಂತ ದೊಡ್ಡದಾದ್ದರಿಂದ ಆ ಶ್ರಮ ನನಗೆ ಅನಗತ್ಯ ಅನ್ನಿಸುತ್ತದೆ.

ತಿದ್ದುಪಡಿಯ ರಿಜಿಸ್ಟರ್ ರೀಸೆಟ್ ಒತ್ತಿದರೂ ಅಳಿಯುವುದಿಲ್ಲ, ಆದರೆ ಎಲ್ಲ ವಿದ್ಯುತ್ತೂ ಹೋದರೆ ಸಮಯದ ಜೊತೆಗೇ ಹೋಗುತ್ತದೆ. ಸೆಲ್ ಬದಲಿಸಿದ ಮೇಲೆ ಯಂತ್ರ ಆನ್ ಮಾಡಿದರೆ ಫೈಲ್‌ನಿಂದ ಓಟದ ತಿದ್ದುಪಡಿ ತಾನಾಗಿ ಕೂರುತ್ತದೆ. ಸಮಯ, ದಿನಾಂಕ ಮಾತ್ರ ಕೈಯಿಂದ ಹೊಂದಿಸಬೇಕು. ಹಳೆಯ ಸೆಲ್ ತೆಗೆಯುವ ಮೊದಲೇ ಯುಎಸ್‌ಬಿ ಕೇಬಲ್ ಹಾಕಿಟ್ಟರೆ, ಬೋರ್ಡ್‌ಗೆ ಯುಎಸ್‌ಬಿಯಿಂದಲೂ ವಿದ್ಯುತ್ ಸಿಗುವಂತಿದ್ದರೆ, ಅದೂ ಬೇಕಾಗುವುದಿಲ್ಲ.