ಹುಳುಮನೆಯಲ್ಲಿ ಅಚ್ಚು

ಹಗಲು ನಾನು ಶಿಡ್ಲಘಟ್ಟದ ಒಂದು ಡಿಟಿಪಿ ಅಂಗಡಿಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ. ಚುನಾವಣೆ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ರಾತ್ರಿ ಮನೆಗೆ ಬಂದು ಲಿನೋ ಅನ್ನುವ ಹಾಳೆ ಕೆತ್ತಿ, ಇಂಕ್ ಹಚ್ಚಿ, ಕಾಗದದ ಮೇಲೆ ಚಿತ್ರ ಒತ್ತುತ್ತೇನೆ. ನಮ್ಮೂರವರ ಬಾಯಲ್ಲಿ ಎರಡಕ್ಕೂ ಹೆಸರು ಒಂದೇ, ಪ್ರಿಂಟು. ಬೆಂಗಳೂರಿನಲ್ಲಿ ಕಲೆ ಓದುವಾಗ ಇದನ್ನು ಗ್ರಾಫಿಕ್ಸ್ ಅಂತಿದ್ದೆವು. ಇಲ್ಲಿ ಗ್ರಾಫಿಕ್ಸ್ ಅಂದರೆ ಕಂಪ್ಯೂಟರು. ಹಾಗಾಗಿ ನಾನೇ 'ಅಚ್ಚು ಚಿತ್ರ' ಅಂತ ಹೇಳಲು ಶುರುಮಾಡಿದೆ. ಅದಕ್ಕೆ ಅಮ್ಮ, "ಸಕ್ಕರೆ ಅಚ್ಚಾ, ಬೆಲ್ಲದ ಅಚ್ಚಾ?" ಅಂದಳು.

ಊರು ಶಿಡ್ಲಘಟ್ಟದಿಂದ ಎಂಟು ಕಿಲೋಮೀಟರ್. ಅಪ್ಪ, ಅಣ್ಣ ರೇಷ್ಮೆ ಬೆಳೆಯುತ್ತಾರೆ. ಮನೆಯಲ್ಲಿ ದೊಡ್ಡ ಮೇಜು ಹಾಕುವಷ್ಟು ಜಾಗ ಇರುವುದು ರೇಷ್ಮೆ ಹುಳು ಸಾಕುವ ಹುಳುಮನೆಯಲ್ಲಿ ಮಾತ್ರ, ಹುಳುಮನೆ ಖಾಲಿ ಇರುವುದು ಎರಡು ಬೆಳೆಗಳ ನಡುವೆ ಮಾತ್ರ. ಹೆಚ್ಚೆಂದರೆ ಹನ್ನೆರಡು ದಿನ. ಅದರಲ್ಲಿ ಕೊನೆಯ ನಾಲ್ಕು ದಿನ ತೊಳೆಯಲು, ಬ್ಲೀಚಿಂಗ್ ಹೊಡೆಯಲು, ಸುಣ್ಣ ಎರಚಲು ಹೋಗುತ್ತದೆ. ಉಳಿದ ಎಂಟು ದಿನ ನನ್ನವು. ನಾನು ಅಚ್ಚು ಹಾಕುವ ವೇಳಾಪಟ್ಟಿಯನ್ನು ಬರೆಯುವುದು ಹುಳು.

ಇದು ಗೊತ್ತಾಗಿದ್ದು ಒಂದು ತಪ್ಪು ಮಾಡಿದ ಮೇಲೆ. ಹುಳು ಮೂರನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿತ್ತು. ನಾನು ಪಕ್ಕದ ಜಗಲಿಯಲ್ಲಿ ಕೂತು ರೋಲರನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಗಾಳಿ ಒಳಮುಖವಾಗಿತ್ತು. ಅಪ್ಪ ಸೊಪ್ಪಿನ ಹೊರೆ ಇಳಿಸಿದವನೇ ಮೂಗು ಅರಳಿಸಿ, "ಲೋ, ಯಾರೋ ಅದು ಸೀಮೆಎಣ್ಣೆ?" ಅಂತ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಆ ಬೆಳೆ ಸರಿಯಾಗಿ ಹಣ್ಣಾಗಲಿಲ್ಲ. ಸೀಮೆಎಣ್ಣೆಯಿಂದಲೇ ಹಾಗಾಯಿತು ಅಂತ ನಾನು ಒಪ್ಪುವುದಿಲ್ಲ, ಆ ವಾರ ಸೆಖೆಯೂ ಜೋರಿತ್ತು. ಆದರೆ ಅಪ್ಪ ಒಪ್ಪಿಬಿಟ್ಟಿದ್ದಾನೆ, ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಇಂಕ್ ತೆಗೆಯಲು ಅಡುಗೆ ಎಣ್ಣೆ. ಗಾಜಿನ ಮೇಲೆ ಒಂದು ಚಮಚ ಎಣ್ಣೆ ಸುರಿದು ಹಳೇ ಬನಿಯನ್ ತುಂಡಿನಲ್ಲಿ ಉಜ್ಜಿದರೆ ಆಯಿಲ್ ಇಂಕ್ ಕರಗಿ ಬರುತ್ತದೆ. ಆಮೇಲೆ ಪಾತ್ರೆ ಸೋಪು. ಎಣ್ಣೆಯ ಪಸೆ ಉಳಿದರೆ ಮುಂದಿನ ಸಲ ಇಂಕ್ ಹಿಡಿಯುವುದಿಲ್ಲ, ಹಾಗಾಗಿ ಎರಡು ಸಲ ಸೋಪು.

ಲಿನೋ ಅಂದರೆ ಲಿನೋಲಿಯಂ. ಅಗಸೆ ಎಣ್ಣೆ, ಬೆಂಡಿನ ಪುಡಿ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿದ ಹಾಳೆ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಇದನ್ನು ಮಾಡಿದ್ದು ನೆಲಕ್ಕೆ ಹಾಸಲು. ಮರಕ್ಕಿರುವ ಎಳೆ ಇದಕ್ಕಿಲ್ಲ, ಉಳಿ ಯಾವ ಕಡೆಗೆ ತಿರುಗಿಸಿದರೂ ಓಡುತ್ತದೆ. ದುಡ್ಡು ಉಳಿಸಲು ನಾನು ಮೊದಲು ಹಾರ್ಡ್‌ವೇರ್ ಅಂಗಡಿಯ ವಿನೈಲ್ ನೆಲಹಾಸು ತಂದಿದ್ದೆ. ಅದು ರಬ್ಬರಿನಂತೆ ಎಳೆದುಕೊಂಡು ಬರುತ್ತಿತ್ತು, ಗೆರೆಯ ಅಂಚೆಲ್ಲ ಜುಂಗು ಜುಂಗು. ಈಗ ಬೆಂಗಳೂರಿನಿಂದಲೇ ಲಿನೋ ತರುತ್ತೇನೆ. ಚಳಿಗಾಲದ ಬೆಳಗ್ಗೆ ಅದು ಹಪ್ಪಳದಂತೆ ಬಿರುಸು. ಹತ್ತು ನಿಮಿಷ ಬಿಸಿಲಿಗೆ ಇಟ್ಟರೆ ಬೆಣ್ಣೆಯಾಗುತ್ತದೆ. ಉಳಿ ಹರಿತವಿಲ್ಲದಿದ್ದರೆ ಕೈಗೆ ಬರುತ್ತದೆ. ನನ್ನ ಎಡಗೈ ತೋರುಬೆರಳಿನ ಮೇಲಿನ ಗಾಯದ ಗುರುತು ಮೊಂಡು ಉಳಿಯದು, ಹರಿತ ಉಳಿಯದಲ್ಲ. ಹಳೇ ಬೆಲ್ಟಿನ ಚರ್ಮಕ್ಕೆ ಬ್ರಾಸೋ ಹಚ್ಚಿ ಪ್ರತಿ ಅರ್ಧ ಗಂಟೆಗೊಮ್ಮೆ ಮಸೆಯುತ್ತೇನೆ. ಎರಡು ಕೈಯೂ ಉಳಿಯ ಹಿಂದೆಯೇ ಇರಬೇಕು ಅಂತ ಎಲ್ಲರಿಗೂ ಹೇಳುತ್ತೇನೆ, ನಾನು ಮಾತ್ರ ಮರೆಯುತ್ತೇನೆ.

ಕಾಲೇಜಿನಲ್ಲಿ ಮೇಷ್ಟ್ರು ನಂದಲಾಲ್ ಬೋಸರ 1930ರ ಗಾಂಧಿ ಚಿತ್ರ ತೋರಿಸಿದ್ದರು, ಕೋಲು ಹಿಡಿದು ನಡೆಯುವ ಬಾಪು. ಎಲ್ಲರೂ ನೋಡಿರುವ ಚಿತ್ರವೇ, ಆದರೆ ಅದು ಲಿನೋಕಟ್ ಅಂತ ಅವತ್ತೇ ಗೊತ್ತಾಗಿದ್ದು. ಕಪ್ಪು ನೆಲದಲ್ಲಿ ಬಿಳಿ ಗೆರೆ. ಕೆತ್ತಿದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ಪೆನ್ಸಿಲ್ ಹಿಡಿದು ಬೆಳೆದವರಿಗೆ ಇದು ತಲೆಕೆಳಗು. ನನಗೆ ಸುಲಭವಾಗಿದ್ದು ಚಂದ್ರಿಕೆಯಿಂದ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು, ಆರಡಿಗೆ ನಾಲ್ಕಡಿ, ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಸುತ್ತಿರುತ್ತದೆ. ರಾತ್ರಿ ಬಲ್ಬಿನ ಬೆಳಕಿನಲ್ಲಿ ನೋಡಿದರೆ ಕಪ್ಪಿನ ಮೇಲೆ ಬಿಳಿ ಸುರುಳಿ ಮಾತ್ರ ಕಾಣುತ್ತದೆ. ಉಳಿ ಮಾಡುವ ಕೆಲಸವೇ ಅದು. ನನ್ನ ಮೊದಲ ಒಳ್ಳೆಯ ಅಚ್ಚು ಚಂದ್ರಿಕೆಯದೇ.

ಇಂಕ್ ವಿಷಯಕ್ಕೆ ಬರುತ್ತೇನೆ, ಹೆಚ್ಚಿನವರು ಕೆಡುವುದು ಇಲ್ಲೇ. ನಮ್ಮ ಅಂಗಡಿ ಮಾಲೀಕರ ತಂದೆಯ ಕಾಲದಲ್ಲಿ ಅಲ್ಲಿ ಕಾಲಲ್ಲಿ ತುಳಿದು ಓಡಿಸುವ ಟ್ರೆಡಲ್ ಪ್ರೆಸ್ ಇತ್ತು. ಅಕ್ಷರದ ಮೊಳೆ ಗುಜರಿಗೆ ಹೋಯಿತು, ಅಟ್ಟದಲ್ಲಿ ಮೂರು ಡಬ್ಬ ಕಪ್ಪು ಇಂಕ್ ಉಳಿದಿತ್ತು. ಮೇಲಿನ ಕೆನೆ ಚಾಕುವಿನಿಂದ ಕತ್ತರಿಸಿ ಎತ್ತಿದರೆ ಒಳಗೆ ಹೊಸದರಂತೆ ಇತ್ತು. ಗಾಜಿನ ಮೇಲೆ ಕಡಲೆಬೀಜದಷ್ಟು ಹಾಕಿ ರೋಲರ್ ಓಡಿಸಬೇಕು. ಮೊದಲು ಪಚ ಪಚ ಅನ್ನುತ್ತದೆ. ಹಾಗಿದ್ದರೆ ಇಂಕ್ ಜಾಸ್ತಿ. ಹರಡುತ್ತಾ ಹರಡುತ್ತಾ ಸಣ್ಣಗೆ ಚುರ್ರ್ ಅನ್ನಲು ಶುರುವಾಗುತ್ತದೆ, ದೂರದ ಮನೆಯಲ್ಲಿ ಒಗ್ಗರಣೆ ಹಾಕಿದ ಹಾಗೆ. ಆಗ ಬ್ಲಾಕಿಗೆ, ಅಂದರೆ ಕೆತ್ತಿದ ಲಿನೋಗೆ, ಹಚ್ಚಬೇಕು. ಕಣ್ಣಿಗಿಂತ ಕಿವಿಯನ್ನು ನಂಬುವುದು ಒಳ್ಳೆಯದು. ಇಂಕ್ ತೀರಾ ಗಟ್ಟಿ ಇದ್ದರೆ ಎರಡು ಹನಿ ಅಗಸೆ ಎಣ್ಣೆ. ಗಡಿಯಾಚೆಯ ಚಿತ್ತೂರು ಜಿಲ್ಲೆಯ ನಂದನೂರಿನಲ್ಲಿ 1925ರಲ್ಲಿ ಹುಟ್ಟಿದ ಕಲಾವಿದ ಕೃಷ್ಣಾ ರೆಡ್ಡಿ ಪ್ಯಾರಿಸ್ಸಿಗೆ ಹೋಗಿ, ಇಂಕಿನ ಗಟ್ಟಿ–ತೆಳು ವ್ಯತ್ಯಾಸವನ್ನೇ ಹಿಡಿದು ಒಂದೇ ತಗಡಿನಲ್ಲಿ ಹಲವು ಬಣ್ಣ ತೆಗೆಯುವ ವಿಧಾನವನ್ನು ಬೆಳೆಸಿದವರಲ್ಲಿ ಒಬ್ಬರು. ಅದಕ್ಕೆ ದೊಡ್ಡ ಪ್ರೆಸ್ ಬೇಕು, ನನ್ನ ಕೈಗೆ ನಿಲುಕುವಂಥದ್ದಲ್ಲ. ಆದರೆ ಎರಡು ಹನಿ ಎಣ್ಣೆ ಹಾಕುವಾಗೆಲ್ಲ ಅವರು ನೆನಪಾಗುತ್ತಾರೆ.

ಪ್ರೆಸ್ ಇಲ್ಲದ್ದರಿಂದ ನಾನು ಚಮಚದಲ್ಲೇ ತಿಕ್ಕುವುದು. ಬಸ್ ಸ್ಟ್ಯಾಂಡ್ ಹತ್ತಿರದ ಕಬ್ಬಿನ ಹಾಲಿನ ಮಷಿನ್ನಿನ ಮೇಲೆ ಒಂದು ಕಾಲಕ್ಕೆ ನನ್ನ ಕಣ್ಣಿತ್ತು. ಹತ್ತಿರ ಹೋಗಿ ನೋಡಿದರೆ ರೋಲರಿಗೆಲ್ಲ ಗೀರು, ಕಾಗದ ಕೊಟ್ಟರೆ ಸಿಪ್ಪೆ ಬರುತ್ತದೆ ಅಷ್ಟೆ. ತೆಳ್ಳಗಿನ ನೇಪಾಳಿ ಕಾಗದವನ್ನು ಇಂಕ್ ಹಚ್ಚಿದ ಬ್ಲಾಕಿನ ಮೇಲೆ ಹಾಸಿ, ಮೇಲೊಂದು ಬೆಣ್ಣೆ ಕಾಗದ ಇಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಸುತ್ತು ಹಾಕುತ್ತಾ ತಿಕ್ಕಬೇಕು. ಎ3 ಅಳತೆಯ ಒಂದು ಅಚ್ಚಿಗೆ ಇಪ್ಪತ್ತು ನಿಮಿಷ. ಒಂದು ಮೂಲೆ ಒತ್ತಿ ಹಿಡಿದು ಇನ್ನೊಂದು ಮೂಲೆ ಎತ್ತಿ ನೋಡಬೇಕು. ಎಲ್ಲಿ ಪೇಲವವಾಗಿದೆಯೋ ಅಲ್ಲಿ ಇನ್ನೊಂದು ಸುತ್ತು. ಹತ್ತನೇ ಅಚ್ಚಿನ ಹೊತ್ತಿಗೆ ಹೆಬ್ಬೆರಳು ನಮ್ಮದಲ್ಲ.

ಕಾಗದವನ್ನೂ ಇಲ್ಲೇ ಮಾಡುತ್ತೇನೆ ಅಂತ ಒಮ್ಮೆ ಹೊರಟಿದ್ದೆ. ಜಪಾನಿನ ಅಚ್ಚು ಕಾಗದಕ್ಕೆ ಬಳಸುವ ಗಿಡ ನಮ್ಮ ಹಿಪ್ಪುನೇರಳೆಯ ನೆಂಟ. ಹುಳು ತಿಂದು ಬಿಟ್ಟ ಕಡ್ಡಿಗಳು ಹಿತ್ತಲಲ್ಲಿ ರಾಶಿ. ಸಿಪ್ಪೆ ಸುಲಿದು, ವಾಷಿಂಗ್ ಸೋಡಾದಲ್ಲಿ ಬೇಯಿಸಿ, ಒರಳಿನಲ್ಲಿ ಕುಟ್ಟಿದೆ. ಬಂದ ಹಾಳೆ ಸುಟ್ಟ ರೊಟ್ಟಿಯಂತೆ, ಒಂದು ಕಡೆ ದಪ್ಪ ಒಂದು ಕಡೆ ತೂತು. ನಾಲ್ಕು ಹಾಳೆ ಫೋಲ್ಡರಿನ ಹೊದಿಕೆಗೆ ಬಳಸಿ ಸುಮ್ಮನಾದೆ. ಒರಳು ತೊಳೆದಿದ್ದೂ ನಾನೇ.

ಇನ್ನು ಹದಿನೇಳು ಅಚ್ಚುಗಳ ಕಥೆ. ರೇಷ್ಮೆ ಗೂಡಿನ ಮಾರುಕಟ್ಟೆಯ ಚಿತ್ರವನ್ನು ಮೂರು ಬಣ್ಣದಲ್ಲಿ ಮಾಡಬೇಕೆಂದು ಹೊರಟೆ. ಒಂದೇ ಬ್ಲಾಕಿನಲ್ಲಿ ಮೂರು ಬಣ್ಣ: ಸ್ವಲ್ಪ ಕೆತ್ತಿ ಹಳದಿ ಹೊಡೆಯುವುದು, ಅದೇ ಬ್ಲಾಕನ್ನು ಇನ್ನಷ್ಟು ಕೆತ್ತಿ ಕಾವಿ, ಮತ್ತೂ ಕೆತ್ತಿ ಕಪ್ಪು. ಪಿಕಾಸೊ ವಯಸ್ಸಾದ ಮೇಲೆ ಹೀಗೇ ಲಿನೋ ಮಾಡಿದ್ದು. ಇದರಲ್ಲಿ ಹಿಂದಕ್ಕೆ ಹೋಗುವ ದಾರಿಯಿಲ್ಲ. ಕಾವಿಗೆ ಕೆತ್ತಿದ ಮೇಲೆ ಇನ್ನೊಂದು ಹಳದಿ ಬೇಕೆಂದರೆ ಸಿಗದು. ಆದ್ದರಿಂದ ಮೊದಲೇ ಲೆಕ್ಕ ಹಾಕಿ 25 ಹಾಳೆ ಎತ್ತಿಟ್ಟೆ. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಲು ಹಲಗೆಯ ಮೇಲೆ ರಟ್ಟಿನ ಎರಡು ಮೂಲೆ ಅಂಟಿಸಿದ್ದೆ. ಹಳದಿ ಬಣ್ಣ 25ಕ್ಕೂ ಚೆನ್ನಾಗಿ ಬಂತು. ಒಣಗಲು ಚಂದ್ರಿಕೆಗಳನ್ನೇ ಗೋಡೆಗೆ ಒರಗಿಸಿ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದೆ. ಅಣ್ಣ ಪ್ಲಾಸ್ಟಿಕ್ ಚಂದ್ರಿಕೆ ತಂದ ಮೇಲೆ ಬಿದಿರಿನವು ಸೂರಿನಡಿ ಬಿದ್ದಿದ್ದವು, ಅವಕ್ಕೂ ಕೆಲಸ ಸಿಕ್ಕಿತು. ಎರಡು ದಿನ ಬಿಟ್ಟು ಕಾವಿ. ರಟ್ಟಿನ ಮೂಲೆಯೊಂದು ಎದ್ದುಬಂದಿದ್ದು ನಾನು ನೋಡಲಿಲ್ಲ, ನಾಲ್ಕು ಹಾಳೆ ಕೆಟ್ಟವು. ಮೋಡ ಕವಿದು ಕಾವಿ ಒಣಗಲು ಮೂರು ದಿನ ತೆಗೆದುಕೊಂಡಿತು. ಎಂಟನೇ ದಿನ ಬೆಳಗ್ಗೆ ಐದಕ್ಕೆ ಎದ್ದು ಕಪ್ಪು ಶುರುಮಾಡಿದೆ. ಮಧ್ಯಾಹ್ನ ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಫೋನ್ ಬಂತು: ಚಾಕಿ ಹುಳು ಒಂದು ದಿನ ಮುಂಚೆಯೇ ಕಳಿಸುತ್ತೇವೆ. ಅಪ್ಪ ಬ್ಲೀಚಿಂಗ್ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತ. ಅಷ್ಟರಲ್ಲಿ ಹದಿನೇಳು ಮುಗಿದಿದ್ದವು.

ಮಿಕ್ಕ ನಾಲ್ಕನ್ನು ಮುಂದಿನ ಬಿಡುವಿನಲ್ಲಿ ಮುಗಿಸಬಹುದಿತ್ತು. ಒಂದಕ್ಕೆ ಮಾಡಿಯೂ ನೋಡಿದೆ. ಅವತ್ತಿನ ಕಪ್ಪಿಗೆ ಒಂದಿಷ್ಟು ನೀಲಿ ಬೆರೆಸಿದ್ದೆ, ಎಷ್ಟು ಅಂತ ಬರೆದಿಟ್ಟಿರಲಿಲ್ಲ. ಹೊಸದು ಬೇರೆ ಮನೆಯ ಮಗುವಿನ ಹಾಗೆ ಕಂಡಿತು. ಅದನ್ನು ಹರಿದೆ, ಮೂರನ್ನು ಟ್ರಂಕಿಗೆ ಹಾಕಿದೆ. ಹದಿನೇಳರಲ್ಲಿ ಎಷ್ಟನೆಯದು ಅಂತ ಚಿತ್ರದ ಕೆಳಗೆ ಎಡಕ್ಕೆ 1/17, 2/17, ನಡುವೆ ಹೆಸರು, ಬಲಕ್ಕೆ ಸಹಿ, ಎಲ್ಲ ಪೆನ್ಸಿಲ್ಲಿನಲ್ಲೇ.

ಇವನ್ನು ಹಿಡಿದುಕೊಂಡು ಬೆಂಗಳೂರಿಗೆ ಹೋಗಿದ್ದು ಎರಡು ಸಲ. ಒಂದು ಗ್ಯಾಲರಿಯವರು ಕಮಿಷನ್ ಮಾತಾಡಿ ಆರು ಅಚ್ಚು ಇಟ್ಟುಕೊಂಡರು. ಎಂಟು ತಿಂಗಳ ಮೇಲೆ ವಾಪಸ್ ಬಂದಾಗ ಹಿಂದೆಲ್ಲ ಸೆಲ್ಲೋ ಟೇಪು, ಕಿತ್ತರೆ ಕಾಗದವೇ ಬರುತ್ತದೆ. ಎರಡು ಬಿಸಿಲಿಗೆ ಬಿಳಿಚಿಕೊಂಡಿದ್ದವು. ಈಗ ಯಾರಿಗೆ ಕೊಟ್ಟರೂ ನಾನೇ ಮೌಂಟ್ ಮಾಡಿ ಕೊಡುತ್ತೇನೆ: ಮೇಲಂಚಿಗೆ ಮಾತ್ರ ತೆಳು ಕಾಗದದ ಎರಡು ಪಟ್ಟಿ, ಗಂಜಿಯ ಅಂಟು. ನೀರು ತಾಗಿಸಿದರೆ ಬಿಟ್ಟುಕೊಳ್ಳುತ್ತದೆ. ಪೋಸ್ಟರ್ ಅಂಟಿಸುವವರ ಮೈಲುತುತ್ತ ಹಾಕಿದ ಮೈದಾ ಇದಕ್ಕೆ ಆಗುವುದಿಲ್ಲ.

ಎರಡನೆಯದು ಜನವರಿಯ ಚಿತ್ರಸಂತೆ. ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಸಾವಿರಕ್ಕೂ ಹೆಚ್ಚು ಕಲಾವಿದರು, ಲೆಕ್ಕವಿಲ್ಲದಷ್ಟು ಜನ. ನನ್ನ ಪಕ್ಕದವರು ಮಷಿನ್ನಿನಲ್ಲಿ ತೆಗೆಸಿದ ಬುದ್ಧನನ್ನು 150 ರೂಪಾಯಿಗೆ ಮಾರುತ್ತಿದ್ದರು. ನನ್ನದು 1,200. "ಇದೂ ಪ್ರಿಂಟೇ ಅಲ್ವಾ ಸಾರ್, ಒರಿಜಿನಲ್ ಎಲ್ಲಿದೆ?" ಅಂತ ದಿನವಿಡೀ ಕೇಳಿದರು. ಒರಿಜಿನಲ್ ಅಂತ ಬೇರೆ ಇಲ್ಲ, ಈ ಹದಿನೇಳೂ ಒರಿಜಿನಲ್ಲೇ ಅಂದರೆ ನನ್ನನ್ನು ಕಳ್ಳನಂತೆ ನೋಡಿದರು. ಮಧ್ಯಾಹ್ನದ ಮೇಲೆ ಮಾತು ಬಿಟ್ಟು, ಕೆತ್ತಿದ ಬ್ಲಾಕನ್ನೇ ಚೀಲದಿಂದ ತೆಗೆದು ಮುಂದಿಟ್ಟೆ. ಜನ ಅದರ ಮೇಲೆ ಬೆರಳಾಡಿಸಿದರು. ಸಂಜೆಯೊಳಗೆ ಐದು ಹೋದವು. ಇದನ್ನು ಬೆಳಗ್ಗೆಯೇ ಮಾಡಬೇಕಿತ್ತು.

ಊರಲ್ಲೇ ಪ್ರದರ್ಶನ ಮಾಡಿದ್ದು ಆ ಮೇಲೆ. ಜಾಗ ಹುಳುಮನೆಯೇ, ಮೂರು ದಿನ. ಚಂದ್ರಿಕೆಗಳನ್ನು ಎರಡೆರಡಾಗಿ ಡೇರೆಯಂತೆ ನಿಲ್ಲಿಸಿ ಅಚ್ಚುಗಳನ್ನು ಕ್ಲಿಪ್ ಹಾಕಿದೆ. ಪ್ರತಿ ಅಚ್ಚಿನ ಕೆಳಗೆ ಅದರ ಬ್ಲಾಕು. ನೋಟಿಸನ್ನು ಗೂಡಿನ ಮಾರುಕಟ್ಟೆಯ ಗೇಟಿಗೂ ಬಸ್ ಸ್ಟ್ಯಾಂಡಿಗೂ ಅಂಟಿಸಿದ್ದೆ. ಮೊದಲ ದಿನ ಬಂದವರು ಬರೀ ನೆಂಟರು ಮತ್ತು ಶಾಲೆ ಮಕ್ಕಳು. ಮಕ್ಕಳ ಕೈಗೆ ಚಮಚ ಕೊಟ್ಟು ಒಂದು ಸಣ್ಣ ಬ್ಲಾಕು ತಿಕ್ಕಿಸಿದೆ. ಇಂಕ್ ಮುಗಿಯಿತು, ಗೋಡೆಯ ಮೇಲೂ ಕೈ ಅಚ್ಚು ಬಿತ್ತು.

ಎರಡನೇ ದಿನ ಶಿಡ್ಲಘಟ್ಟದಿಂದ ಗೂಡಿನಿಂದ ನೂಲು ತೆಗೆಸುವ ವಯಸ್ಸಾದ ಒಬ್ಬ ರೀಲರ್ ಬಂದರು. ಅಪ್ಪನಿಗೆ ಹಳೇ ಪರಿಚಯ. ಮಾರುಕಟ್ಟೆಯ ಚಿತ್ರದ ಮುಂದೆ ನಿಂತು, "ತೆಗೀಬಹುದಾ ಬೇಟಾ?" ಅಂತ ಕೇಳಿ ಕ್ಲಿಪ್ ಬಿಚ್ಚಿದರು. ಮುಂದೆ ನೋಡಲೇ ಇಲ್ಲ. ತಿರುಗಿಸಿ, ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು, ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದರು. ಹರಾಜಿನಲ್ಲಿ ಗೂಡು ಹಿಡಿದು ನೋಡುತ್ತಾರಲ್ಲ, ಹಾಗೆ. ಚಮಚ ಓಡಿದ ಜಾಗದಲ್ಲೆಲ್ಲ ಕಾಗದ ಮಿರುಗುತ್ತಿತ್ತು, ಸುತ್ತು ಸುತ್ತಾಗಿ. "ಇದು ಮಷಿನ್ದಲ್ಲ. ಕೈಲಿ ತಿಕ್ಕಿರೋದು. ಇಲ್ಲಿ ನೋಡಿ, ಇಲ್ಲಿಗೆ ಬರೋಹೊತ್ತಿಗೆ ಕೈ ಸೋತಿದೆ," ಅಂತ ಬಲ ಮೂಲೆ ತೋರಿಸಿದರು. ಸೋತಿತ್ತು. ಅದು ಹದಿನಾರನೆಯದು.

"ಹದಿನೇಳೇ ಯಾಕೆ? ಇಪ್ಪತ್ತು ಮಾಡಬಾರದಿತ್ತಾ?" ಅಂದರು.

ನಾನು ಎಡಿಷನ್, ಬಣ್ಣ, ಬ್ಲಾಕು ಅಂತ ಬಾಯಿ ತೆಗೆಯುವಷ್ಟರಲ್ಲಿ ಬಾಗಿಲ ಹತ್ತಿರ ಬೀಡಿ ಆರಿಸುತ್ತಿದ್ದ ಅಪ್ಪ, "ಹದಿನೆಂಟನೇದಕ್ಕೆ ಹುಳ ಬಂತು ಭಾಯ್," ಅಂದ.

ಅವರು ತಲೆಯಾಡಿಸಿ, ಚೌಕಾಸಿ ಮಾಡಿ 900ಕ್ಕೆ ತೆಗೆದುಕೊಂಡರು. ಪೇಪರಿನಲ್ಲಿ ಸುತ್ತಬೇಡ, ಮಡಿಕೆ ಬೀಳುತ್ತೆ ಅಂತ ಅವರೇ ಹೇಳಿದರು. ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿಕೊಟ್ಟೆ. ಮೂರನೇ ದಿನ ಸಂಜೆ ಚಂದ್ರಿಕೆಗಳನ್ನು ಮತ್ತೆ ಸೂರಿಗೆ ಏರಿಸಿದೆವು, ಅಣ್ಣ ಗೋಡೆಗೆ ಸುಣ್ಣ ಹೊಡೆದ. ಮಕ್ಕಳ ಕೈ ಅಚ್ಚು ಎರಡು ಪದರ ಸುಣ್ಣದ ಕೆಳಗೂ ಇನ್ನೂ ಕಾಣುತ್ತಿದೆ. ಬುಧವಾರ ಚಾಕಿ ಬರುತ್ತದೆ.