ಉದ್ಯಮವನ್ನು ಚಿಕ್ಕದಾಗಿ ಆರಂಭಿಸುವುದು ಹೇಗೆ

ಹೊಸದಾಗಿ ಉದ್ಯಮಕ್ಕೆ ಇಳಿಯುವವರ ಮೊದಲ ಯೋಜನೆಯಲ್ಲಿ ಒಂದಲ್ಲ ಒಂದು ಊಹೆ ತಪ್ಪಿಯೇ ಇರುತ್ತದೆ. ಬೆಲೆ ತಪ್ಪಿರಬಹುದು, ಕೊಳ್ಳುವವರು ನಾವು ಎಣಿಸಿದವರಲ್ಲದೆ ಬೇರೆಯವರಾಗಿರಬಹುದು, ಜನರಿಗೆ ಬೇಕಾದದ್ದು ನಾವು ತಯಾರಿಸಿದ್ದಕ್ಕಿಂತ ಸರಳವಾದ ವಸ್ತುವಾಗಿರಬಹುದು. ತಪ್ಪಿದ್ದು ಯಾವುದೆಂಬುದು ಮಾರಾಟ ಶುರುವಾಗುವವರೆಗೂ ತಿಳಿಯುವುದಿಲ್ಲ. ತಿಳಿದ ದಿನ ಅದನ್ನು ತಿದ್ದಿಕೊಳ್ಳುವಷ್ಟು ಹಣ, ಸಮಯ ಮತ್ತು ಧೈರ್ಯ ಕೈಯಲ್ಲಿ ಉಳಿದಿರಬೇಕು ಎಂಬ ಕಾರಣಕ್ಕಾಗಿಯೇ ಚಿಕ್ಕದಾಗಿ ಆರಂಭಿಸಬೇಕು.

ಮೊದಲಿಗೆ, ಇಡೀ ಯೋಜನೆ ಯಾವ ಒಂದು ಊಹೆಯ ಮೇಲೆ ನಿಂತಿದೆ ಎಂಬುದನ್ನು ಗುರುತಿಸಿ ಬರೆದಿಟ್ಟುಕೊಳ್ಳಿ. ಅಮೆರಿಕದಲ್ಲಿ 1999ರಲ್ಲಿ ನಿಕ್ ಸ್ವಿನ್‌ಮರ್ನ್ ಅವರು ಮುಂದೆ ಜಾಪೋಸ್ ಎಂದು ಹೆಸರಾದ ಉದ್ಯಮಕ್ಕೆ ಕೈಹಾಕಿದಾಗ ಅವರ ಮುಂದಿದ್ದ ಪ್ರಶ್ನೆ, ಕಾಲಿಗೆ ಹಾಕಿ ನೋಡದೆ ಜನ ಅಂತರ್ಜಾಲದಲ್ಲಿ ಶೂ ಕೊಳ್ಳುತ್ತಾರೆಯೇ ಎಂಬುದು. ಅದಕ್ಕೆ ಉತ್ತರ ಕಂಡುಕೊಳ್ಳಲು ಅವರು ದಾಸ್ತಾನು ಮಾಡಲಿಲ್ಲ. ಅಂಗಡಿಗಳಲ್ಲಿದ್ದ ಶೂಗಳ ಫೋಟೊ ತೆಗೆದು ಜಾಲತಾಣದಲ್ಲಿ ಹಾಕಿ, ಆರ್ಡರ್ ಬಂದ ಮೇಲೆ ಅದೇ ಅಂಗಡಿಯಿಂದ ಪೂರ್ಣ ಬೆಲೆಗೆ ಕೊಂಡು ಕಳುಹಿಸಿದರು. ಆ ವ್ಯವಹಾರದಲ್ಲಿ ಲಾಭವಿರಲಿಲ್ಲ, ಆದರೆ ಬೇಕಿದ್ದ ಉತ್ತರ ಸಿಕ್ಕಿತು. ಅದೇ ಕಾಲದಲ್ಲಿ ಮನೆಬಾಗಿಲಿಗೆ ದಿನಸಿ ತಲುಪಿಸಲು ಹೊರಟ ವೆಬ್‌ವ್ಯಾನ್ ಕಂಪನಿಯು ಮೊದಲ ನಗರದಲ್ಲಿ ಲಾಭ ಕಾಣುವ ಮೊದಲೇ, ಅನೇಕ ನಗರಗಳಲ್ಲಿ ಯಂತ್ರಚಾಲಿತ ಗೋದಾಮುಗಳನ್ನು ಕಟ್ಟಿಸಲು 100 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. 2001ರ ಜುಲೈನಲ್ಲಿ ದಿವಾಳಿಯಾಯಿತು. ಮನೆಗೆ ದಿನಸಿ ತರಿಸಿಕೊಳ್ಳುವುದು ಇಂದು ಸಾಮಾನ್ಯ ಸಂಗತಿಯಾಗಿರುವುದನ್ನು ನೋಡಿದರೆ, ಆ ಕಂಪನಿ ಸೋತದ್ದು ಆಲೋಚನೆಯ ದೋಷದಿಂದಲ್ಲ, ವಿಸ್ತರಣೆಯ ಆತುರದಿಂದ ಎಂದೇ ನಾನು ನಂಬುತ್ತೇನೆ.

ಎರಡನೆಯ ಕೆಲಸ ಲೆಕ್ಕದ್ದು. ಇದರಲ್ಲಿ ಸ್ವಲ್ಪ ತಾಳ್ಮೆ ಬೇಕು. ಒಂದು ವಸ್ತುವನ್ನು 100ಕ್ಕೆ ಮಾರುತ್ತೀರಿ, ಕಚ್ಚಾ ಸಾಮಗ್ರಿ, ಪ್ಯಾಕಿಂಗ್, ಸಾಗಣೆ ಎಲ್ಲ ಸೇರಿ ಅದಕ್ಕೆ 70 ತಗಲುತ್ತದೆ ಎಂದುಕೊಳ್ಳಿ. ಪ್ರತಿ ಮಾರಾಟದಲ್ಲಿ 30 ಉಳಿಯುತ್ತದೆ. ಮಾರಾಟವಾಗಲಿ ಬಿಡಲಿ, ಕೊಡಲೇಬೇಕಾದ ಬಾಡಿಗೆ, ಸಂಬಳ ಮುಂತಾದ ಸ್ಥಿರ ವೆಚ್ಚ ತಿಂಗಳಿಗೆ 6,000 ಇದ್ದರೆ 200 ವಸ್ತುಗಳು ಮಾರಾಟವಾದಾಗ ಅಸಲು ಹುಟ್ಟುತ್ತದೆ. ದೊಡ್ಡ ಜಾಗ, ಇಬ್ಬರು ಕೆಲಸಗಾರರು ಎಂದು ಸ್ಥಿರ ವೆಚ್ಚವನ್ನು 24,000ಕ್ಕೆ ಏರಿಸಿಕೊಂಡರೆ ಅಷ್ಟಕ್ಕೇ 800 ಮಾರಬೇಕಾಗುತ್ತದೆ. ತಿಂಗಳಿಗೆ 300 ಮಾರುವ ಇಬ್ಬರು ಉದ್ಯಮಿಗಳಲ್ಲಿ ಮೊದಲನೆಯವರಿಗೆ 3,000 ಲಾಭ, ಎರಡನೆಯವರಿಗೆ 15,000 ನಷ್ಟ. ಇಬ್ಬರ ವಸ್ತುವೂ ಒಂದೇ, ಗ್ರಾಹಕರ ಸಂಖ್ಯೆಯೂ ಒಂದೇ. ಈ ಲೆಕ್ಕದಲ್ಲಿ ನಿಮ್ಮ ಸ್ವಂತ ದುಡಿಮೆಗೂ ಕೂಲಿ ಹಿಡಿಯಿರಿ. ಹಿಡಿಯದಿದ್ದರೆ ಕಾಣುವ ಲಾಭವು ವಾಸ್ತವವಾಗಿ ನಿಮ್ಮದೇ ಸಂಬಳವಾಗಿರುತ್ತದೆ, ಮುಂದೆ ಆ ಕೆಲಸಕ್ಕೆ ಬೇರೆಯವರನ್ನು ನೇಮಿಸಿಕೊಂಡ ದಿನವೇ ಅದು ಮಾಯವಾಗುತ್ತದೆ.

ಕಳೆದುಕೊಂಡರೂ ಮನೆ ನಡೆಯುವುದಕ್ಕೆ ತೊಂದರೆಯಾಗದಷ್ಟು ಮೊತ್ತವನ್ನು ಮೊದಲೇ ನಿಗದಿಪಡಿಸಿ, ಅದನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಿ. ಯಂತ್ರಗಳನ್ನು ಕೊಳ್ಳುವ ಬದಲು ಸಾಧ್ಯವಿದ್ದಷ್ಟು ಬಾಡಿಗೆಗೆ ಪಡೆಯಿರಿ.

ಮೊದಲ ಗ್ರಾಹಕರ ವಿಷಯದಲ್ಲಿ ಎಚ್ಚರ ಬೇಕು. ಬಂಧುಗಳೂ ಸ್ನೇಹಿತರೂ ಪ್ರೀತಿಯಿಂದ ಕೊಳ್ಳುತ್ತಾರೆ, ಪ್ರೀತಿಯಿಂದಲೇ ಹೊಗಳುತ್ತಾರೆ. ಆ ಪ್ರೋತ್ಸಾಹ ಬೆಲೆಯುಳ್ಳದ್ದಾದರೂ ಅದನ್ನು ಬೇಡಿಕೆ ಎಂದು ಎಣಿಸುವಂತಿಲ್ಲ. ಪರಿಚಯವಿಲ್ಲದ ಹತ್ತಾರು ಜನರಿಗೆ ಪೂರ್ಣ ಬೆಲೆಗೆ ಮಾರಿ, ಅವರಲ್ಲಿ ಎಷ್ಟು ಮಂದಿ ಕರೆಯದೆಯೇ ಮತ್ತೆ ಬಂದರು ಎಂಬುದನ್ನು ಗಮನಿಸಿ. ಗ್ರಾಹಕರು ಕಡಿಮೆ ಇರುವಾಗ ಪ್ರತಿಯೊಬ್ಬರೊಡನೆಯೂ ನೀವೇ ಮಾತನಾಡಬಹುದು. ಹೇಗಿದೆ ಎಂದು ಕೇಳುವುದಕ್ಕಿಂತ, ಇದಕ್ಕೆ ಮೊದಲು ಈ ಅಗತ್ಯವನ್ನು ಹೇಗೆ ಪೂರೈಸಿಕೊಳ್ಳುತ್ತಿದ್ದಿರಿ, ಎಷ್ಟು ಖರ್ಚಾಗುತ್ತಿತ್ತು ಎಂದು ಕೇಳಿ. ಬೆಲೆಯನ್ನು ಪರೀಕ್ಷಿಸುವುದಕ್ಕೂ ಇದೇ ಸಮಯ. ಮೇಲಿನ ಲೆಕ್ಕದಲ್ಲಿ ಬೆಲೆಯನ್ನು 110ಕ್ಕೆ ಏರಿಸಿದರೆ ಉಳಿಯುವುದು 40; ಆಗ 200ರ ಬದಲು 150 ಮಾರಿದರೂ ಅಸಲು ಬರುತ್ತದೆ.

ಉದ್ರಿಯ ಅಪಾಯವನ್ನು ಬಹಳ ಜನ ಕಡೆಗಣಿಸುತ್ತಾರೆ. ತಿಂಗಳಿಗೆ 300 ವಸ್ತುಗಳನ್ನು ಉದ್ರಿ ಕೊಟ್ಟರೆ, ಒಂದಕ್ಕೆ 70ರ ವೆಚ್ಚದಂತೆ 21,000ದಷ್ಟು ನಿಮ್ಮ ಹಣ ಹೊರಗೆ ಸಿಕ್ಕಿಕೊಂಡಿರುತ್ತದೆ. ಆರ್ಡರ್ 600ಕ್ಕೆ ಏರಿದರೆ 42,000. ಪುಸ್ತಕದಲ್ಲಿ ಲಾಭ ಕಾಣುತ್ತಿದ್ದರೂ ಸಾಮಗ್ರಿ ತರಲು ಕೈಯಲ್ಲಿ ಹಣವಿಲ್ಲದೆ ಉದ್ಯಮಗಳು ನಿಂತುಹೋಗುವುದು ಹೀಗೆಯೇ. ಆರಂಭದಿಂದಲೇ ಮುಂಗಡ ಪಡೆಯುವ ರೂಢಿ ಮಾಡಿಕೊಳ್ಳಿ.

ಆದರೆ ಎಲ್ಲವನ್ನೂ ಚಿಕ್ಕದು ಮಾಡುವಂತಿಲ್ಲ. ಆಹಾರ, ಔಷಧ, ವಿದ್ಯುತ್ ಉಪಕರಣಗಳಂತಹ ವಸ್ತುಗಳಲ್ಲಿ ಸುರಕ್ಷತೆಯ ನಿಯಮ ಮತ್ತು ಪರವಾನಗಿ ಮೊದಲ ಗ್ರಾಹಕನಿಗೂ ಪೂರ್ಣವಾಗಿ ಅನ್ವಯಿಸುತ್ತವೆ. ಬಗೆಗಳ ಸಂಖ್ಯೆ, ಪ್ರದೇಶ, ದಾಸ್ತಾನು ಇವನ್ನು ಕಡಿಮೆ ಮಾಡಬಹುದು, ಗುಣಮಟ್ಟವನ್ನಲ್ಲ. ಅಮೆಜಾನ್ 1995ರಲ್ಲಿ ಮಾರಾಟ ಆರಂಭಿಸಿದಾಗ ಪುಸ್ತಕಗಳನ್ನು ಮಾತ್ರ ಮಾರುತ್ತಿತ್ತು, ಸಂಗೀತದ ಸಿ.ಡಿ.ಗಳು ಸೇರಿದ್ದು 1998ರಲ್ಲಿ.

ವಿಸ್ತರಿಸುವ ಕಾಲ ಬಂತೇ ಎಂಬುದನ್ನು ಉತ್ಸಾಹದಿಂದ ತೀರ್ಮಾನಿಸದೆ ಲಕ್ಷಣಗಳನ್ನು ನೋಡಿ ತೀರ್ಮಾನಿಸಿ. ಹಳೆಯ ಗ್ರಾಹಕರು ಮರಳುತ್ತಿದ್ದು, ಪ್ರತಿ ಮಾರಾಟದಲ್ಲಿಯೂ ಹಣ ಉಳಿಯುತ್ತಿದ್ದು, ಕೆಲವು ತಿಂಗಳುಗಳಿಂದ ಆರ್ಡರ್‌ಗಳನ್ನು ಪೂರೈಸಲಾಗದೆ ವಾಪಸು ಕಳುಹಿಸುತ್ತಿದ್ದರೆ ಮುಂದಿನ ಹೆಜ್ಜೆ ಇಡಬಹುದು. ಆಗಲೂ ಜಾಗ, ಯಂತ್ರ, ಕೆಲಸಗಾರರು ಮೂರನ್ನೂ ಒಮ್ಮೆಲೇ ಹೆಚ್ಚಿಸದೆ, ಕೆಲಸ ಎಲ್ಲಿ ತಡೆದು ನಿಂತಿದೆಯೋ ಅಲ್ಲಿಗೆ ಮಾತ್ರ ಹಣ ಹಾಕಿ, ಹೊಸ ಸ್ಥಿರ ವೆಚ್ಚದೊಡನೆ ಅಸಲಿನ ಲೆಕ್ಕವನ್ನು ಮತ್ತೊಮ್ಮೆ ಮಾಡಿ.