ಟಕ್ ಅನ್ನದೆಯೂ ಸೊಂಟ ಸಡಿಲಾಗುತ್ತದೆ

ಶಿರಸಿಯಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಯಿತೆಂದರೆ ನನ್ನ ಕ್ಲಿನಿಕ್ಕಿನ ಬೆಂಚು ತುಂಬುತ್ತದೆ. ಅಡಿಕೆ ಸುಲಿಯುವ ಹೆಂಗಸರು, ಮರ ಹತ್ತಿ ಇಳಿಯುವ ಕೊನೆಗೌಡರು, ದೇವಿಮನೆ ಘಟ್ಟದಲ್ಲಿ ದಿನಾ ಲಾರಿ ಓಡಿಸುವವರು. ಎಲ್ಲರದೂ ಒಂದೇ ಮಾತು: ಸೊಂಟ ಹಿಡ್ಕೊಂಡಿದೆ, ಒಂದ್ಸಲ ಟಕ್ ಅನ್ನಿಸಿಬಿಡಿ.

ನಾನು ಓದಿದ್ದು ಫಿಸಿಯೋಥೆರಪಿ. ಬೆನ್ನುಮೂಳೆ, ಕೀಲುಗಳಿಗೆ ಕೈಯಿಂದಲೇ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟಿಕ್‌ನ ಮೆದು ವಿಧಾನಗಳನ್ನು ಆಮೇಲೆ ಕಲಿತೆ. ಟಕ್ ಅನ್ನಿಸುವುದು ನನ್ನ ಟೇಬಲ್ ಮೇಲೆ ತೀರಾ ಕಡಿಮೆ. ಜಾರಿದ ಮೂಳೆ ಜಾಗಕ್ಕೆ ಬಂದು ಕೂತಿತು ಅಂತ ಆ ಶಬ್ದಕ್ಕೆ ಅರ್ಥವಿಲ್ಲ. ಕೀಲನ್ನು ಎಳೆದಾಗ ಒಳಗಿನ ದ್ರವದ ಒತ್ತಡ ಇಳಿದು ಗಾಳಿಗುಳ್ಳೆಯಿಂದ ಬರುವ ಸದ್ದು ಅದು. ಬೆರಳಿನ ನೆಟಿಗೆ ತೆಗೆದಾಗಲೂ ಅದೇ ಆಗುವುದು. ಮೊಬೈಲಲ್ಲಿ ವಿಡಿಯೊ ನೋಡಿ ಬಂದವರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ. "ಶಬ್ದನೇ ಬಂದಿಲ್ಲಲ್ಲ ಡಾಕ್ಟ್ರೇ" ಎಂದು ಮುಖ ಸಣ್ಣ ಮಾಡುತ್ತಾರೆ. "ಎದ್ದು ಬಗ್ಗಿ ನೋಡಿ" ಅನ್ನುತ್ತೇನೆ.

ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆಫ್ರಿ ಮೇಟ್ಲೆಂಡ್ ಕೈಯಿಂದ ಕೀಲು ಅಲುಗಿಸುವುದಕ್ಕೆ ಹಂತಗಳನ್ನು ಮಾಡಿಕೊಟ್ಟಿದ್ದಾರೆ. ಒಂದು, ಎರಡು ಅಂದರೆ ಬಿಗಿ ಸಿಗುವ ಮೊದಲೇ ನಿಲ್ಲುವ ಮೆಲ್ಲನೆಯ ತೂಗಾಟ. ಮೂರು, ನಾಲ್ಕು ಬಿಗಿಯ ಒಳಗೇ ಹೋಗುತ್ತವೆ. ಐದನೆಯದೇ ಆ ಟಕ್. ನೋವು ಜಾಸ್ತಿ ಇದ್ದವರಲ್ಲಿ ನಾನು ಎರಡು ದಾಟುವುದಿಲ್ಲ.

ಹೋದ ಸುಗ್ಗಿಯಲ್ಲಿ ಒಬ್ಬ ಅಕ್ಕ ಬಂದಿದ್ದರು. ಎಡಗಡೆ ಸೊಂಟದ ಕೆಳಗೆ ನೋವು. ಮೊದಲು ಅವರನ್ನು ಸುಮ್ನೆ ನಡೆಸಿ ನೋಡಿದೆ. ಎಡಗಾಲಿನ ಹೆಜ್ಜೆ ಗಿಡ್ಡ. ಮಲಗಿಸಿ ಕಾಲು ತಿರುಗಿಸಿದರೆ ಎಡ ತೊಡೆಸಂದು ಅರ್ಧಕ್ಕೇ ನಿಲ್ಲುತ್ತಿತ್ತು. ಉಸಿರೆಳೆದರೆ ಆ ಕಡೆಯ ಪಕ್ಕೆಲುಬು ಅಲ್ಲಾಡುತ್ತಲೇ ಇರಲಿಲ್ಲ. ನೋವು ಸೊಂಟದಲ್ಲಿದೆ ಅಂತ ಸೊಂಟವನ್ನೇ ಒತ್ತುತ್ತಾ ಕೂತರೆ ಇದ್ಯಾವುದೂ ಸಿಗುವುದಿಲ್ಲ, ಅಲ್ವಾ? ಬೋರಲು ಮಲಗಿಸಿ ಎರಡೂ ಕಾಲಿನ ಉದ್ದ ಹೋಲಿಸಿ ಅದರಿಂದಲೇ ಎಲ್ಲ ಹೇಳುವವರಿದ್ದಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ.

ಸೊಂಟದ ಎಲುಬಿನ ಕೆಳಗೆ ಎರಡು ಬೆಣೆ ದಿಂಬು ಕೊಟ್ಟು ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ಅವರ ಮೈಭಾರವೇ ಕೆಲಸ ಮಾಡುತ್ತದೆ. ಆಮೇಲೆ ಕೆಳಭಾಗ ಬಗ್ಗುವ ಟೇಬಲ್ ಮೇಲೆ ಒಂದು ಕೈ ಬೆನ್ನಿಗಿಟ್ಟು, ಕಾಲಿನ ಕಡೆಯನ್ನು ನಿಧಾನವಾಗಿ ಇಳಿಸುತ್ತಾ ಏರಿಸುತ್ತಾ ಹೋದೆ. ಕೈಯಡಿಯ ಸ್ನಾಯು ಮೊದಲು ಹಲಗೆಯಂತಿತ್ತು, ಮೆಲ್ಲಗೆ ಬಿಟ್ಟುಕೊಟ್ಟಿತು.

ಆದರೆ ಅವರ ನೋವಿನ ಮೂಲ ಸಿಕ್ಕಿದ್ದು ಟೇಬಲ್ ಮೇಲಲ್ಲ. "ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಹೇಗೆ ಕೂರ್ತೀರಿ, ತೋರಿಸಿ ಅಕ್ಕ" ಅಂದೆ. ನೆಲದ ಮೇಲೆ ಕೂತು ತೋರಿಸಿದರು. ಅಡಿಕೆ ರಾಶಿ ಎಡಗಡೆ ಹಿಂದೆ, ಬುಟ್ಟಿ ಬಲಗಡೆ. ಸಂಜೆಯಿಂದ ನಡುರಾತ್ರಿವರೆಗೆ ಒಂದೊಂದು ಅಡಿಕೆಗೂ ಸೊಂಟ ಒಂದೊಂದು ಸಲ ತಿರುಚುತ್ತದೆ. ರಾಶಿಯನ್ನು ಮುಂದಕ್ಕೆ ತರಿಸಿದೆ, ಕೂರಲು ಸ್ವಲ್ಪ ಎತ್ತರದ ಮಣೆ ಹಾಕಿಕೊಳ್ಳಿ ಅಂದೆ. ನಡುನಡುವೆ ಎದ್ದು ಕವಳ (ಎಲೆ ಅಡಿಕೆ) ಹಾಕಿಕೊಳ್ಳಲು ಹೇಳಿದೆ. ಕವಳ ಒಳ್ಳೆಯದು ಅಂತಲ್ಲ, ಎದ್ದೇಳುವುದು ಒಳ್ಳೆಯದು ಅಂತ!

ಕುತ್ತಿಗೆಯ ವಿಷಯದಲ್ಲಿ ನಾನು ಇನ್ನೂ ಬಿಗಿ. ಕಟಿಂಗ್ ಶಾಪಿನಲ್ಲಿ ಕುತ್ತಿಗೆ ಹಿಡಿದು ತಿರುಚುತ್ತಾರಲ್ಲ, ಅದು ಬೇಡವೇ ಬೇಡ. ಅಪರೂಪಕ್ಕೆ ಮೆದುಳಿಗೆ ಹೋಗುವ ರಕ್ತನಾಳ ಸೀಳಿ ಲಕ್ವ ಹೊಡೆದದ್ದಿದೆ. ಮೂಳೆ ಸವೆದ ವಯಸ್ಸಾದವರಿಗೂ ಜೋರು ಒತ್ತಡ ಕೊಡುವುದಿಲ್ಲ. ಕೂರುವ ಜಾಗ ಮರಗಟ್ಟಿದೆ, ಮೂತ್ರ ಕಟ್ಟಿದೆ ಅಥವಾ ಗೊತ್ತಾಗದೆ ಹೋಗುತ್ತಿದೆ, ಕಾಲಲ್ಲಿ ಶಕ್ತಿಯಿಲ್ಲ ಅಂದವರನ್ನು ಮುಟ್ಟುವುದೂ ಇಲ್ಲ, ಅದೇ ದಿನ ಆಸ್ಪತ್ರೆಗೆ ಕಳಿಸುತ್ತೇನೆ.

ಬೆನ್ನು ಸರಿಯಾದರೆ ಶುಗರ್, ಬಿಪಿ ಎಲ್ಲ ಹೋಗುತ್ತಂತೆ ಹೌದಾ ಅಂತ ಕೇಳುವವರೂ ಬರುತ್ತಾರೆ. ಇಲ್ಲ, ಮಾತ್ರೆ ನಿಲ್ಲಿಸಬೇಡಿ ಅನ್ನುತ್ತೇನೆ. ಪ್ಯಾಕೇಜ್ ಕೂಡ ನನ್ನಲ್ಲಿಲ್ಲ. ನಾಲ್ಕೈದು ಸಲ ಬಂದರೂ ಬಗ್ಗುವುದರಲ್ಲಿ, ನಿದ್ದೆಯಲ್ಲಿ ಏನೂ ಫರಕು ಕಾಣದಿದ್ದರೆ ಚೀಟಿ ಬರೆದು ಮೂಳೆ ಡಾಕ್ಟರ ಹತ್ತಿರ ಕಳಿಸುತ್ತೇನೆ.